ಕೋಷ್ಟಕದೊಳಗಿನ ಕನ್ನಡ: ಸಮಾಜ ಸಂಶೋಧನೆ ಮತ್ತು ಭಾಷಾನೀತಿಯ ನಡುವಣ ಅಂತರ

೧

ಜನಗಣತಿಯ ಭಾಷಾಕೋಷ್ಟಕದಲ್ಲಿ ‘ಕನ್ನಡ’ ಎಂಬ ಶೀರ್ಷಿಕೆಯ ಎದುರಿಗೆ ಒಂದು ಸಂಖ್ಯೆಯಿರುತ್ತದೆ. ಗಡಿಯಾಚೆಯ ಕನ್ನಡಿಗರ ಶಾಲೆ, ಅರ್ಜಿ, ನಾಮಫಲಕ, ಪಠ್ಯಪುಸ್ತಕ ಇವೆಲ್ಲವುಗಳ ಕುರಿತ ಚರ್ಚೆ ಕೊನೆಗೆ ಬಂದು ನಿಲ್ಲುವುದು ಆ ಸಂಖ್ಯೆಯ ಮುಂದೆ. ಮನವಿ ಸಲ್ಲಿಸುವವರು ಅದನ್ನು ಎತ್ತಿ ಹೇಳುತ್ತಾರೆ; ಮನವಿಯನ್ನು ತಳ್ಳಿಹಾಕುವವರೂ ಅದನ್ನೇ ಎತ್ತಿ ಹೇಳುತ್ತಾರೆ. ಸಂಶೋಧಕರಾದ ನಾವು ಅದನ್ನು ಅಡಿಪಾಯವೆಂದು ಭಾವಿಸಿ ಅದರ ಮೇಲೆ ಪ್ರಬಂಧಗಳನ್ನು ಕಟ್ಟಿದ್ದೇವೆ. ಆದರೆ ಆ ಸಂಖ್ಯೆ ಕಾಸರಗೋಡಿನಲ್ಲಿ ಹೇಳುವುದು ಒಂದನ್ನು, ಅಕ್ಕಲಕೋಟೆಯಲ್ಲಿ ಇನ್ನೊಂದನ್ನು, ನೀಲಗಿರಿಯಲ್ಲಿ ಮತ್ತೊಂದನ್ನು. ಈ ಭೇದವನ್ನು ತೋರಿಸಿಕೊಡಬೇಕಾದದ್ದು ಸಮಾಜ ಸಂಶೋಧನೆಯ ಕೆಲಸ. ಭೇದಗಳನ್ನು ಒರೆಸಿ ಒಂದು ಗೆರೆಯನ್ನು ಎಳೆಯಬೇಕಾದದ್ದು ಆಡಳಿತದ ಕೆಲಸ. ಇವೆರಡರ ನಡುವಣ ಸಂಬಂಧ ಎಂದಿಗೂ ನೆಮ್ಮದಿಯದಾಗಿರಲಿಲ್ಲವೇಕೆ ಎಂಬುದನ್ನು ನಮ್ಮ ಗಡಿನಾಡುಗಳ ಬದುಕನ್ನು ನಿರ್ಧರಿಸಿದ ಕೆಲವು ವರದಿಗಳನ್ನೂ ಸೂತ್ರಗಳನ್ನೂ ಓದುವ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಈ ವಿಷಯ ಬಂದಾಗ ನಮ್ಮಲ್ಲಿ ಒಂದೇ ದೂರು ಕೇಳಿಬರುತ್ತದೆ: ಸರ್ಕಾರ ಸಂಶೋಧನೆಯನ್ನು ಕೇಳುವುದಿಲ್ಲ, ವರದಿಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಈ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಅದು ಅರ್ಧಸತ್ಯ. ಕೇಳದಿರುವುದಕ್ಕಿಂತ ಹೆಚ್ಚು ಹಾನಿ ಆಗಿರುವುದು ಸರ್ಕಾರ ತನಗೆ ಬೇಕಾದಷ್ಟನ್ನು ಕೇಳಿಸಿಕೊಂಡಾಗ, ಮತ್ತು ಸಂಶೋಧನೆ ತನ್ನ ಪ್ರಶ್ನೆಗಳನ್ನೇ ಸರ್ಕಾರದ ನಮೂನೆಗಳಿಂದ ಎರವಲು ತಂದಾಗ.

೨

ಮೊದಲಿಗೆ ಎಣಿಕೆಯ ವಿಧಾನವನ್ನೇ ನೋಡೋಣ. ಜನಗಣತಿಯ ದೃಷ್ಟಿಯಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ೧೯೬೧ರ ಜನಗಣತಿ ಭಾರತದಲ್ಲಿ ೧,೬೫೨ ಮಾತೃಭಾಷೆಗಳನ್ನು ಪಟ್ಟಿಮಾಡಿತ್ತು. ೧೯೭೧ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳನ್ನು ಪ್ರತ್ಯೇಕವಾಗಿ ತೋರಿಸುವ ಪದ್ಧತಿಯನ್ನು ಕೈಬಿಡಲಾಯಿತು. ಭಾಷೆಗಳು ಒಂದೇ ದಶಕದಲ್ಲಿ ಸಾಯಲಿಲ್ಲ, ಪಟ್ಟಿ ಬದಲಾಯಿತು. ೨೦೧೧ರಲ್ಲಿ ಜನರು ಕೊಟ್ಟ ಉತ್ತರಗಳಲ್ಲಿ ೧೯,೫೬೯ ಹೆಸರುಗಳಿದ್ದವು. ಪರಿಷ್ಕರಣೆಯ ಬಳಿಕ ಅವು ೧,೩೬೯ ಮಾತೃಭಾಷೆಗಳಾಗಿ, ವರ್ಗೀಕರಣದ ಬಳಿಕ ೧೨೧ ಭಾಷೆಗಳಾಗಿ ಇಳಿದವು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಯಾರೋ ಒಬ್ಬರು ಇದು ಅದರೊಳಗೆ ಸೇರುತ್ತದೆ ಎಂದು ತೀರ್ಮಾನಿಸಿರುತ್ತಾರೆ. ಆ ತೀರ್ಮಾನದ ಹಿಂದೆ ಭಾಷಾವಿಜ್ಞಾನ ಇರಬಹುದು, ಆಡಳಿತದ ಅನುಕೂಲವೂ ಇರಬಹುದು; ಕೋಷ್ಟಕದಲ್ಲಿ ಇವೆರಡನ್ನು ಬೇರ್ಪಡಿಸಿ ನೋಡಲು ಅವಕಾಶವಿಲ್ಲ.

ಎಣಿಕೆಯ ಉತ್ತರವೂ ಮುಗ್ಧವಾದುದಲ್ಲ. ೧೯೫೧ರಲ್ಲಿ ಪಂಜಾಬಿನ ಭಾಷಾವಿವಾದ ಎಷ್ಟು ಕಾವೇರಿತ್ತೆಂದರೆ, ಅಲ್ಲಿ ಹಿಂದಿ, ಉರ್ದು, ಪಂಜಾಬಿ, ಪಹಾಡಿಗಳನ್ನು ಪ್ರತ್ಯೇಕವಾಗಿ ಪ್ರಕಟಿಸದೆ ಒಟ್ಟುಗೂಡಿಸಿ ತೋರಿಸಬೇಕಾಯಿತು. ತಮ್ಮ ಉತ್ತರದಿಂದ ಏನಾಗುತ್ತದೆ ಎಂಬುದು ತಿಳಿದಿರುವ ಜನ, ಆ ತಿಳಿವಿನಿಂದಲೇ ಉತ್ತರಿಸುತ್ತಾರೆ. ಲಕ್ಷ್ಮಣ ಖೂಬಚಂದಾನಿಯವರು ಭಾರತೀಯ ಬಹುಭಾಷಿಕತೆಯ ಕುರಿತ ತಮ್ಮ ಬರಹಗಳಲ್ಲಿ ಭಾಷಿಕ ಅಸ್ಮಿತೆಯ ಈ ಚಲನಶೀಲತೆಯನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. ಅವರ ಮಾತು ಸಂಶೋಧಕರ ನಡುವೆ ಮನ್ನಣೆ ಪಡೆಯಿತು. ಆದರೆ ಚಲಿಸುವ ವಸ್ತುವಿನ ಮೇಲೆ ಶೇಕಡಾವಾರು ಸೂತ್ರವನ್ನು ನಿಲ್ಲಿಸುವುದು ಕಷ್ಟವಾದ್ದರಿಂದ, ನೀತಿಯು ಅದನ್ನು ಬಳಸಿಕೊಳ್ಳಲಿಲ್ಲ.

ಈಗ ಗಡಿನಾಡಿಗೆ ಬರೋಣ. ಕಾಸರಗೋಡಿನ ಉತ್ತರಭಾಗದಲ್ಲಿ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತನಾಡುವ ಎಷ್ಟೋ ಕುಟುಂಬಗಳ ಮಕ್ಕಳು ತಲೆಮಾರುಗಳಿಂದ ಅಕ್ಷರ ಕಲಿತದ್ದು ಕನ್ನಡದಲ್ಲಿ. ಯಕ್ಷಗಾನದ ಪ್ರಸಂಗ, ದೇವಸ್ಥಾನದ ಆಮಂತ್ರಣ ಪತ್ರಿಕೆ, ಹಳೆಯ ಭೂದಾಖಲೆ, ಮನೆಗೆ ಬರುವ ದಿನಪತ್ರಿಕೆ ಎಲ್ಲವೂ ಕನ್ನಡದ್ದು. ಗಣತಿದಾರನು ಮಾತೃಭಾಷೆ ಯಾವುದೆಂದು ಕೇಳಿದಾಗ ಅವರು ತುಳು ಎನ್ನುತ್ತಾರೆ, ಅದು ಸರಿಯಾದ ಉತ್ತರವೇ. ಆದರೆ ಆ ಉತ್ತರವನ್ನು ಓದುವ ಅಧಿಕಾರಿಗೆ ಕನ್ನಡದ ಅಗತ್ಯವಿರುವವರ ಸಂಖ್ಯೆ ಕಡಿಮೆಯೆಂದು ತೋರುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದಲ್ಲಿ ಸ್ಥಿತಿ ಹಲವೆಡೆ ಇದಕ್ಕೆ ವಿರುದ್ಧ: ಮನೆಯ ಮಾತು ಕನ್ನಡ, ಓದುಬರಹ ಮರಾಠಿ. ಅಲ್ಲಿ ಸಂಖ್ಯೆ ಮಾತನ್ನು ಎಣಿಸುತ್ತದೆ, ಬರಹದ ಗೈರುಹಾಜರಿಯನ್ನು ಮುಚ್ಚುತ್ತದೆ. ನೀಲಗಿರಿಯಲ್ಲಿ ೨೦೧೧ರ ಗಣತಿಯ ಸುಮಾರು ೧.೩೩ ಲಕ್ಷ ಬಡಗ ಭಾಷಿಕರು ‘ಕನ್ನಡ’ ಎಂಬ ಗುಂಪಿನೊಳಗೆ ಸೇರಿದ್ದಾರೆ. ಅವರ ಶಾಲೆಯ ಭಾಷೆ ತಮಿಳು ಅಥವಾ ಇಂಗ್ಲಿಷ್. ತಮ್ಮದು ಸ್ವತಂತ್ರ ಭಾಷೆಯೆಂಬ ಭಾವನೆ ಆ ಸಮುದಾಯದಲ್ಲಿ ಪ್ರಬಲವಾಗಿದೆ.

ಹೀಗೆ ಒಂದೇ ಶೀರ್ಷಿಕೆಯ ಕೆಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ಬಲ್ಲ ಇನ್ನೆರಡು ಭಾಷೆಗಳ ಹೆಸರನ್ನೂ ಕೇಳಲಾಗುತ್ತದೆ ನಿಜ. ಆದರೆ ಯಾವ ಭಾಷೆಯಲ್ಲಿ ಓದಲು ಬರೆಯಲು ಬಲ್ಲಿರಿ, ಯಾವ ಭಾಷೆಯಲ್ಲಿ ಅರ್ಜಿ ಬರೆಯಬಲ್ಲಿರಿ ಎಂಬ ಪ್ರಶ್ನೆಗಳಿಗೆ ಅಲ್ಲಿ ಸ್ಥಳವಿಲ್ಲ. ಅಲ್ಪಸಂಖ್ಯಾತರ ಹಕ್ಕು ಶಾಲೆಯಲ್ಲಿ, ಕಚೇರಿಯಲ್ಲಿ ನಿಜವಾಗಬೇಕಾದದ್ದು; ಅದನ್ನು ಅಳೆಯುವ ಕೋಲು ಮಾತ್ರ ತೊಟ್ಟಿಲ ಬಳಿಯದು.

೩

ಗಡಿಗಳನ್ನು ಕುರಿತ ವರದಿಗಳಲ್ಲಿಯೂ ಇದೇ ತೊಡಕು ಬೇರೆ ರೂಪದಲ್ಲಿ ಕಾಣಿಸುತ್ತದೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರಲ್ಲಿ ವರದಿ ಕೊಟ್ಟಿತು. ಕಾಸರಗೋಡು ತಾಲೂಕನ್ನು ಅದು ಇಡಿಯಾಗಿ ಒಂದು ಘಟಕವೆಂದು ಪರಿಗಣಿಸಿ ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ೧೯೬೬ರಲ್ಲಿ ನೇಮಕಗೊಂಡು ೧೯೬೭ರಲ್ಲಿ ವರದಿ ನೀಡಿದ ಮೆಹರ್‌ಚಂದ್ ಮಹಾಜನ್ ಆಯೋಗವು ತಾಲೂಕನ್ನು ಒಡೆದು ನೋಡಿ, ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಜನ ಅವರೇ, ನೆಲ ಅದೇ. ಬದಲಾದದ್ದು ಅಳತೆಯ ಘಟಕ. ಅದರೊಂದಿಗೆ ತೀರ್ಪೂ ಬದಲಾಯಿತು. ಯಾವ ಘಟಕವನ್ನು ಆರಿಸಬೇಕು ಎಂಬ ಪ್ರಶ್ನೆಗೆ ಅಂಕಿಅಂಶಗಳೊಳಗಿಂದಲೇ ಉತ್ತರ ಹೊರಡುವುದಿಲ್ಲ. ಅದು ಮೊದಲೇ ಮಾಡಿಕೊಳ್ಳಬೇಕಾದ ಮೌಲ್ಯನಿರ್ಣಯ. ಎರಡೂ ವರದಿಗಳ ದೋಷವೆಂದರೆ, ಈ ನಿರ್ಣಯಕ್ಕೆ ಸಿಗಬೇಕಾದಷ್ಟು ಚರ್ಚೆ ಅವುಗಳಲ್ಲಿ ಸಿಗದಿರುವುದು.

ಈ ಮಾತನ್ನು ನಮ್ಮ ಪರವಾಗಿ ಬಂದ ಶಿಫಾರಸುಗಳಿಗೂ ಅನ್ವಯಿಸಬೇಕು, ಇಲ್ಲವಾದರೆ ಅದು ವಿಮರ್ಶೆಯಾಗುವುದಿಲ್ಲ. ಮಹಾಜನ್ ಆಯೋಗವು ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ೨೪೭ ಹಳ್ಳಿಗಳನ್ನು ಕರ್ನಾಟಕಕ್ಕೂ, ಬೆಳಗಾವಿ ಕಡೆಯ ೨೬೪ ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ ಸೂಚಿಸಿ, ಬೆಳಗಾವಿ ನಗರವನ್ನು ಇದ್ದಲ್ಲಿಯೇ ಉಳಿಸಿತು. ನಗರದ ವಿಷಯದಲ್ಲಿ ಭಾಷಿಕರ ಸಂಖ್ಯೆಯೊಂದೇ ನಿರ್ಣಾಯಕವೆಂದು ಅದು ಎಣಿಸಲಿಲ್ಲ; ಆಡಳಿತ, ಭೂಗೋಳ, ಇತಿಹಾಸಗಳನ್ನೂ ತೂಗಿತು. ಅದು ಸರಿಯಾದ ನಿಲುವೆಂದೇ ನಮ್ಮ ಅಭಿಪ್ರಾಯ. ಆದರೆ ಎಲ್ಲೆಡೆಗೂ ಒಂದೇ ಅಳತೆಗೋಲು ಇರಲಿಲ್ಲ ಎಂಬ ಆಕ್ಷೇಪವನ್ನು ಮಹಾರಾಷ್ಟ್ರದವರು ಎತ್ತಿದಾಗ, ಅದಕ್ಕೆ ವಾದದ ಮೂಲಕ ಉತ್ತರ ಕೊಡುವುದಕ್ಕಿಂತ ‘ಮಹಾಜನ್ ವರದಿಯೇ ಅಂತಿಮ’ ಎಂಬ ಘೋಷಣೆಯನ್ನು ಮುಂದಿಡುವುದು ನಮಗೆ ಸುಲಭವಾಯಿತು. ಕರ್ನಾಟಕ ಒಪ್ಪಿದ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ೨೦೦೪ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಒಂದು ಪಕ್ಷಕ್ಕೆ ವೇದವಾಕ್ಯ, ಇನ್ನೊಂದು ಪಕ್ಷಕ್ಕೆ ರದ್ದಿ ಕಾಗದ ಎಂಬ ಸ್ಥಿತಿಯಲ್ಲಿ ಆ ವರದಿಯನ್ನು ಸಂಶೋಧನಾ ಪಠ್ಯವಾಗಿ ಓದುವವರು ಎರಡೂ ಕಡೆ ಕಡಿಮೆಯಾದರು.

ಬಳ್ಳಾರಿಯ ಪ್ರಕರಣ ಮತ್ತೊಂದು ಪಾಠವನ್ನು ಹೇಳುತ್ತದೆ. ೧೯೫೩ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದವು. ಬಳ್ಳಾರಿ ಮೈಸೂರಿಗೆ ಬಂತು. ಎರಡು ವರ್ಷಗಳ ಬಳಿಕ ಫಜಲ್ ಅಲಿ ಆಯೋಗವು ತುಂಗಭದ್ರಾ ಯೋಜನೆಯ ಹಿತವನ್ನು ಮುಂದೆ ಮಾಡಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಅದೇ ಆಯೋಗದ ಕಾಸರಗೋಡಿನ ಶಿಫಾರಸನ್ನು ಒಪ್ಪಿತು. ತಜ್ಞರ ಶಿಫಾರಸು ತಜ್ಞರದೆಂಬ ಕಾರಣಕ್ಕೆ ಜಾರಿಗೆ ಬರುವುದಿಲ್ಲ. ಅದನ್ನು ಎತ್ತಿ ಹಿಡಿಯುವ ಅಥವಾ ತಡೆಯುವ ಬಲ ಎಲ್ಲಿದೆ ಎಂಬುದರ ಮೇಲೆ ಅದರ ಗತಿ ನಿಂತಿದೆ. ಬಳ್ಳಾರಿಯ ವಿಷಯದಲ್ಲಿ ಇದರಿಂದ ಸಂತೋಷಪಟ್ಟ ನಾವು ಕಾಸರಗೋಡಿನ ವಿಷಯದಲ್ಲಿ ದುಃಖಪಟ್ಟೆವು. ಎರಡರ ಹಿಂದಿರುವ ನಿಯಮ ಒಂದೇ ಎಂಬುದನ್ನು ಗಮನಿಸಿದ್ದು ಕಡಿಮೆ.

೪

ಗಡಿಯ ಪ್ರಶ್ನೆ ಒಮ್ಮೆ ಹೆಪ್ಪುಗಟ್ಟಿದ ಮೇಲೆ ಉಳಿದದ್ದು ರಕ್ಷಣೆಗಳ ಪ್ರಶ್ನೆ. ೧೯೫೬ರ ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ ೩೫೦ಎ ಮತ್ತು ೩೫೦ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಹೇಳುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯ ನೇಮಕವನ್ನು. ೧೯೫೭ರಲ್ಲಿ ಆರಂಭವಾದ ಆಯುಕ್ತರ ಕಚೇರಿ ಇದುವರೆಗೆ ಐವತ್ತಕ್ಕೂ ಹೆಚ್ಚು ವರದಿಗಳನ್ನು ಸಲ್ಲಿಸಿದೆ. ಆ ವರದಿಗಳನ್ನು ಸಾಲಾಗಿ ಇಟ್ಟು ಓದುವವರಿಗೆ ಅವುಗಳ ರಚನೆ ಬೇಗ ಮನದಟ್ಟಾಗುತ್ತದೆ. ಆಯುಕ್ತರು ರಾಜ್ಯಗಳಿಗೆ ಪ್ರಶ್ನಾವಳಿ ಕಳಿಸುತ್ತಾರೆ. ರಾಜ್ಯಗಳು ಉತ್ತರಿಸುತ್ತವೆ, ತಡವಾಗಿ ಉತ್ತರಿಸುತ್ತವೆ, ಅಥವಾ ಉತ್ತರಿಸುವುದಿಲ್ಲ. ಬಂದ ಉತ್ತರವನ್ನು ವರದಿಯಲ್ಲಿ ಸೇರಿಸಿ, ಬಾರದ ಉತ್ತರದ ಬಗ್ಗೆ ವಿಷಾದಿಸಿ, ಹಳೆಯ ಶಿಫಾರಸನ್ನು ಪುನರುಚ್ಚರಿಸಲಾಗುತ್ತದೆ. ಯಾರ ನಡವಳಿಕೆ ಪರಿಶೀಲನೆಗೆ ಒಳಗಾಗಬೇಕೋ ಅವರೇ ಇಲ್ಲಿ ಮುಖ್ಯ ಸಾಕ್ಷಿ. ಶಾಲೆಯ ಬಾಗಿಲಿಗೆ ಹೋಗಿ ಮಗುವಿನ ಕೈಯಲ್ಲಿ ಯಾವ ಪುಸ್ತಕವಿದೆ ಎಂದು ನೋಡುವ ಸ್ವತಂತ್ರ ಕ್ಷೇತ್ರಕಾರ್ಯಕ್ಕೆ ಅಲ್ಲಿ ಸಿಕ್ಕಿರುವ ಸ್ಥಾನ ಸಣ್ಣದು. ಹೀಗಿದ್ದೂ ಈ ವರದಿಗಳು ನಿರುಪಯುಕ್ತವಲ್ಲ. ಯಾವ ರಾಜ್ಯ ಯಾವ ವರ್ಷ ಏನನ್ನು ಒಪ್ಪಿಕೊಂಡಿತ್ತು ಎಂಬ ದಾಖಲೆ ಅಲ್ಲಿದೆ, ಮತ್ತು ಮೌನವೂ ಅಲ್ಲಿ ದಾಖಲಾಗಿದೆ.

ಆ ವರದಿಗಳು ಆಧಾರವಾಗಿ ಇಟ್ಟುಕೊಂಡಿರುವ ಸೂತ್ರಗಳಲ್ಲಿ ಹಳೆಯದು ೧೯೪೯ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದ್ದು: ಶಾಲೆಯಲ್ಲಿ ೪೦ ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಒದಗಿಸಬೇಕು. ಈ ಸಂಖ್ಯೆಗಳು ಮಗು ಹೇಗೆ ಕಲಿಯುತ್ತದೆ ಎಂಬ ಅಧ್ಯಯನದಿಂದ ಬಂದವುಗಳಂತೆ ಕಾಣುವುದಿಲ್ಲ. ಒಬ್ಬ ಶಿಕ್ಷಕರ ಸಂಬಳಕ್ಕೆ ಎಷ್ಟು ಮಕ್ಕಳು ಸಮ ಎಂಬ ಲೆಕ್ಕದಂತೆ ಕಾಣುತ್ತವೆ. ಆಡಳಿತಕ್ಕೆ ಅಂಥ ಲೆಕ್ಕ ಬೇಕು ಎಂಬುದನ್ನು ಒಪ್ಪೋಣ. ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ನೇಮಿಸಿದಾಗ, ಪಠ್ಯಪುಸ್ತಕ ವರ್ಷದ ನಡುವೆ ತಲುಪಿದಾಗ, ಮೇಲಿನ ತರಗತಿಗಳಲ್ಲಿ ಕನ್ನಡ ಮಾಧ್ಯಮ ಮುಂದುವರಿಯುವ ಭರವಸೆ ಇಲ್ಲದಾಗ ತಂದೆತಾಯಂದಿರು ಮಕ್ಕಳನ್ನು ಬೇರೆ ಕಡೆ ಸೇರಿಸುತ್ತಾರೆ. ತರಗತಿಯಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಆಗ ಸಂಖ್ಯೆಯ ಕುಸಿತವನ್ನು ಬೇಡಿಕೆಯ ಕುಸಿತವೆಂದು ಓದಲಾಗುತ್ತದೆ. ಫಲವನ್ನು ಕಾರಣವೆಂದು ತೋರಿಸುವ ಈ ಓದನ್ನು ಪ್ರಶ್ನಿಸಬೇಕಾದವರು ಸಮಾಜವಿಜ್ಞಾನಿಗಳು. ಆದರೆ ನಮ್ಮ ಹಲವು ಸಮೀಕ್ಷೆಗಳು ದಾಖಲಾತಿಯ ಸಂಖ್ಯೆಗಳನ್ನು ವರ್ಷವಾರು ಜೋಡಿಸಿ, ‘ಇಳಿಮುಖವಾಗಿದೆ’ ಎಂದು ಬರೆದು, ಕಳವಳ ವ್ಯಕ್ತಪಡಿಸಿ ಮುಗಿಯುತ್ತವೆ. ಅಂಥ ಸಮೀಕ್ಷೆ ಶಾಲೆ ಮುಚ್ಚುವವರ ಕಡತಕ್ಕೆ ನಾವೇ ಒದಗಿಸಿದ ಪುಟವಾಗುತ್ತದೆ.

ರಾಜ್ಯಗಳ ಕಾಯಿದೆಗಳಲ್ಲಿಯೂ ಇದೇ ಇಬ್ಬಗೆಯಿದೆ. ಕೇರಳದ ೧೯೬೯ರ ಆಡಳಿತಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿತು. ೨೦೧೭ರ ಕಾಯಿದೆ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿತು. ತಮಿಳುನಾಡಿನ ೨೦೦೬ರ ಕಾಯಿದೆ ತಮಿಳನ್ನು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿದ್ದರಿಂದ ಹೊಸೂರು, ತಾಳವಾಡಿಗಳ ಭಾಷಾ ಅಲ್ಪಸಂಖ್ಯಾತ ಮಕ್ಕಳ ಪರೀಕ್ಷೆಯ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಬೇಕಾಯಿತು. ರಾಜ್ಯದ ಭಾಷೆಯನ್ನು ಕಲಿಯುವುದು ಗಡಿನಾಡ ಮಗುವಿಗೆ ಹಿತವೇ. ಅದನ್ನು ವಿರೋಧಿಸಬೇಕಾದ ಕಾರಣವಿಲ್ಲ. ಆದರೆ ಎಷ್ಟನೆಯ ತರಗತಿಯಿಂದ, ಯಾವ ಪಠ್ಯದಿಂದ, ಯಾರು ಕಲಿಸಿದರೆ ಮನೆಮಾತಿಗೆ ಹಾನಿಯಾಗದೆ ಎರಡನೆಯ ಭಾಷೆ ಬರುತ್ತದೆ ಎಂಬುದು ಸಂಶೋಧನೆಯಿಂದ ತಿಳಿಯಬೇಕಾದ ಸಂಗತಿ. ಕಾಯಿದೆಯ ವೇಗ ಅದಕ್ಕೆ ಕಾಯುವುದಿಲ್ಲ.

೫

ಹಾಗಾದರೆ ಸಂಶೋಧನೆ ನೀತಿಯನ್ನು ಮುಟ್ಟುವುದೇ ಇಲ್ಲವೇ? ಅಮೆರಿಕದ ಸಮಾಜವಿಜ್ಞಾನಿ ಕ್ಯಾರಲ್ ವೈಸ್ ೧೯೭೯ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಸಂಶೋಧನೆಯ ಉಪಯೋಗಕ್ಕೆ ಹಲವು ಅರ್ಥಗಳಿವೆಯೆಂದು ವಿಂಗಡಿಸಿ ತೋರಿಸಿದರು. ಮೊದಲೇ ತೆಗೆದುಕೊಂಡ ನಿಲುವಿಗೆ ಆಯುಧವಾಗಿ ಬಳಸುವುದು ಒಂದು. ಅಧ್ಯಯನ ನಡೆಯುತ್ತಿದೆ ಎಂದು ಹೇಳಿ ಕಾಲ ತಳ್ಳುವುದು ಇನ್ನೊಂದು. ಪರಿಕಲ್ಪನೆಗಳು ವರ್ಷಗಳ ಕಾಲ ನಿಧಾನವಾಗಿ ಇಂಗಿ ಆಡಳಿತಗಾರರ ಯೋಚನೆಯ ರೀತಿಯನ್ನೇ ಬದಲಿಸುವುದು ಮತ್ತೊಂದು. ನಮ್ಮ ಅನುಭವಕ್ಕೆ ಈ ಮೂರೂ ಪರಿಚಿತ. ಗಡಿ ಆಯೋಗಗಳಲ್ಲಿ ಮೊದಲೆರಡನ್ನು ಕಂಡಿದ್ದೇವೆ. ಮೂರನೆಯದಕ್ಕೆ ಉದಾಹರಣೆ ಮೈಸೂರಿನಲ್ಲಿಯೇ ಇದೆ. ೧೯೬೯ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ ಡಿ. ಪಿ. ಪಟ್ಟನಾಯಕರೂ ಅವರ ಬಳಿಕ ಇ. ಅಣ್ಣಾಮಲೈ ಮುಂತಾದವರೂ ಬಹುಭಾಷಿಕತೆಯನ್ನು ಹೊರೆಯೆಂದು ಕಾಣದೆ ಸಂಪನ್ಮೂಲವೆಂದು ಕಾಣುವ ದೃಷ್ಟಿಯನ್ನು ಬೆಳೆಸಿದರು. ಆ ದೃಷ್ಟಿ ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿಯೂ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಕಾಣಿಸಿಕೊಂಡಿದೆ.

ಆದರೆ ಇಂಗಿ ಬಂದ ನೀರು ಬಣ್ಣ ಬದಲಿಸಿಕೊಂಡು ಬರುತ್ತದೆ. ೨೦೨೦ರ ನೀತಿ ಐದನೆಯ ತರಗತಿಯವರೆಗೆ, ಸಾಧ್ಯವಿರುವೆಡೆ, ಬೋಧನೆ ಮನೆಭಾಷೆ, ಮಾತೃಭಾಷೆ, ಸ್ಥಳೀಯ ಭಾಷೆ ಅಥವಾ ಪ್ರಾದೇಶಿಕ ಭಾಷೆಯಲ್ಲಿ ಇರಬೇಕೆನ್ನುತ್ತದೆ. ಈ ನಾಲ್ಕು ಪದಗಳು ಮಂಡ್ಯದ ಹಳ್ಳಿಯೊಂದರ ಮಗುವಿಗೆ ಬಹುಮಟ್ಟಿಗೆ ಒಂದೇ ಭಾಷೆಯನ್ನು ಸೂಚಿಸಬಹುದು. ಮಂಜೇಶ್ವರದ ಮಗುವಿಗೆ ಮನೆಭಾಷೆ ತುಳು, ಊರಿನ ಅಕ್ಷರಭಾಷೆ ಕನ್ನಡ, ರಾಜ್ಯದ ಭಾಷೆ ಮಲಯಾಳ. ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಕ್ಯ ಅಲ್ಲಿ ಯಾವುದನ್ನೂ ಹೇಳಿದಂತಾಗುವುದಿಲ್ಲ; ಆಯ್ಕೆಯನ್ನು ಅದು ಬಲವಿದ್ದವರ ಕೈಗೆ ಬಿಟ್ಟುಕೊಡುತ್ತದೆ. ೨೦೧೪ರಲ್ಲಿ ಕರ್ನಾಟಕದ ಭಾಷಾಮಾಧ್ಯಮ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು ಎಂದಿತು. ಗಣತಿಗೆ ಮಾತೃಭಾಷೆ ತಾಯಿಯ ಮಾತು. ನ್ಯಾಯಾಲಯಕ್ಕೆ ಪೋಷಕರ ನಿರ್ಧಾರ. ಭಾಷಾವಿಜ್ಞಾನಿಗೆ ಮಗು ಮೊದಲು ಜಗತ್ತನ್ನು ಅರಿತ ನುಡಿ. ಪದ ಒಂದೇ ಆಗಿರುವುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಯಿತೆಂಬ ಭ್ರಮೆ ಹುಟ್ಟುತ್ತದೆ.

೬

ಕೊನೆಯದಾಗಿ ನಮ್ಮ ವಿದ್ವತ್ತಿನ ಕಡೆಗೆ ನೋಡಬೇಕು. ಗಡಿನಾಡ ಕನ್ನಡ ಸಂಶೋಧನೆಯ ದೊಡ್ಡ ಭಾಗ ಶಾಸನ, ಸ್ಥಳನಾಮ, ಪ್ರಾಚೀನ ಸಾಹಿತ್ಯಗಳ ಆಧಾರದಿಂದ ಕನ್ನಡದ ಹಳೆಯ ವ್ಯಾಪ್ತಿಯನ್ನು ಸ್ಥಾಪಿಸುವುದರಲ್ಲಿ ತೊಡಗಿತ್ತು. ಶಂ. ಬಾ. ಜೋಶಿಯವರ ‘ಕಣ್ಮರೆಯಾದ ಕನ್ನಡ’ ಆ ಪರಂಪರೆಯ ಘನವಾದ ಕೃತಿ. ನೆಲೆ ಕಳೆದುಕೊಳ್ಳುತ್ತಿದ್ದ ಜನರಿಗೆ ಅದು ಆತ್ಮಗೌರವ ಕೊಟ್ಟಿತು. ಆ ಋಣವನ್ನು ಮರೆಯುವಂತಿಲ್ಲ. ಆದರೆ ನಾಲ್ಕನೆಯ ತರಗತಿಗೆ ಶಿಕ್ಷಕರಿಲ್ಲ ಎಂಬ ಮನವಿಗೆ ಹನ್ನೆರಡನೆಯ ಶತಮಾನದ ಶಾಸನ ಉತ್ತರವಾಗದು. ೨೦೨೨ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಹೆಸರು ಎರಡು ರಾಜ್ಯಗಳ ರಾಜಕಾರಣದಲ್ಲಿ ಕೇಳಿಬಂದಾಗ ಗಡಿಯ ಮಾತು ಗಟ್ಟಿಯಾಗಿ ಕೇಳಿಸಿತು. ಅದರ ಕೆಳಗಿದ್ದ ನೀರಿನ ಮಾತು ಅಷ್ಟಾಗಿ ಕೇಳಿಸಲಿಲ್ಲ. ಅಲ್ಲಿಯ ರೈತ ಯಾವ ಭಾಷೆಯಲ್ಲಿ ನೀರು ಕೇಳುತ್ತಾನೆ, ಯಾವ ಕಚೇರಿಯಲ್ಲಿ ಆ ಭಾಷೆ ನಡೆಯುತ್ತದೆ ಎಂಬ ಅಧ್ಯಯನ ನಮ್ಮ ಕೈಯಲ್ಲಿದ್ದಿದ್ದರೆ ಎರಡೂ ಸರ್ಕಾರಗಳ ಮುಂದೆ ಇಡಬಹುದಾಗಿತ್ತು.

ನೀಲಗಿರಿಯ ಬಡಗರ ವಿಷಯದಲ್ಲಿ ನಮ್ಮ ಪರೀಕ್ಷೆ ಇನ್ನೂ ಕಠಿಣ. ಬಡಗ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಸಮುದಾಯ ತನ್ನದನ್ನು ಬೇರೆಯೆಂದು ಹೇಳುವಾಗ ಗಣತಿಯ ಗುಂಪು ನಮಗೆ ಅನುಕೂಲವಾಗಿದೆ ಎಂಬ ಕಾರಣಕ್ಕೆ ಸುಮ್ಮನಿದ್ದರೆ, ಕಾಸರಗೋಡಿನಲ್ಲಿ ಇತರರು ನಮ್ಮ ಬಗ್ಗೆ ಮಾಡುವುದನ್ನು ನಾವು ಅಲ್ಲಿ ಮಾಡಿದಂತಾಗುತ್ತದೆ. ತನ್ನ ಪಕ್ಷಕ್ಕೆ ನೋವಾಗುವ ಫಲಿತಾಂಶವನ್ನು ಪ್ರಕಟಿಸಬಲ್ಲ ಸಂಶೋಧನೆಗೆ ಮಾತ್ರ ಎದುರುಪಕ್ಷದ ಮುಂದೆ ಮಾತನಾಡುವ ನೈತಿಕ ಬಲವಿರುತ್ತದೆ. ಅನುದಾನದ ಮೇಲೆ ನಿಂತಿರುವ ಕೇಂದ್ರಗಳಿಗೆ ಇದು ಸುಲಭದ ಮಾತಲ್ಲ. ಯಾವ ಸರ್ಕಾರವೂ ತನ್ನ ವಾದವನ್ನು ದುರ್ಬಲಗೊಳಿಸುವ ಅಧ್ಯಯನಕ್ಕೆ ಸಂತೋಷದಿಂದ ಹಣ ಕೊಡುವುದಿಲ್ಲ. ಕರ್ನಾಟಕ ಸರ್ಕಾರವೂ ಅದಕ್ಕೆ ಹೊರತಲ್ಲ.

೨೦೧೧ರ ಗಣತಿಯ ಭಾಷಾ ಅಂಕಿಗಳು ಹೊರಬಂದದ್ದು ೨೦೧೮ರಲ್ಲಿ. ೨೦೨೧ರ ಗಣತಿ ಮುಂದೂಡಲ್ಪಟ್ಟಿತು. ೨೦೧೧ರಲ್ಲಿ ಒಂದನೆಯ ತರಗತಿ ಸೇರಿದ ಮಗು ಈ ನಡುವೆ ಶಾಲೆಯನ್ನೇ ಮುಗಿಸಿದೆ. ಮುಂದಿನ ಕೋಷ್ಟಕಕ್ಕಾಗಿ ಕಾಯುತ್ತ ಕುಳಿತುಕೊಳ್ಳದೆ, ಊರಿನ ಮಟ್ಟದಲ್ಲಿ ನಾವೇ ಕೇಳಬಹುದಾದ ಪ್ರಶ್ನೆಗಳು ನಾಲ್ಕಿವೆ: ಮನೆಯಲ್ಲಿ ಯಾವ ಮಾತು, ಓದುಬರಹ ಯಾವುದರಲ್ಲಿ, ಕಚೇರಿಯಲ್ಲಿ ಯಾವುದು ನಡೆಯುತ್ತದೆ, ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿದ್ದರೆ ಏಕೆ. ಉತ್ತರಗಳನ್ನು ಕೊಟ್ಟ ಊರಿಗೇ ಮೊದಲು ಹಿಂತಿರುಗಿಸಿ, ಆ ಬಳಿಕ ಆಯುಕ್ತರ ಕಚೇರಿಗೂ ಎರಡೂ ರಾಜ್ಯಗಳಿಗೂ ಕಳಿಸಬೇಕು. ನೀತಿ ಬದಲಾಗುತ್ತದೆಂಬ ಭರವಸೆ ಅದರಲ್ಲಿಲ್ಲ. ಆದರೆ ಒಂಬತ್ತು ಮಕ್ಕಳ ತರಗತಿಯನ್ನು ಮುಚ್ಚಲು ಬಂದವರ ಕೈಯಲ್ಲಿ ಒಂಬತ್ತು ಎಂಬ ಅಂಕಿ ಇರುವಾಗ, ಹತ್ತನೆಯ ಮಗು ಎಲ್ಲಿಗೆ ಹೋಯಿತು, ಯಾಕೆ ಹೋಯಿತು ಎಂಬ ದಾಖಲೆ ಆ ಊರಿನವರ ಕೈಯಲ್ಲಿರುತ್ತದೆ.